ಭಾವ ಮಾಡದ ಸಾಲ

ಹಣ ಕೂಡಿಡುವುದು ದೊಡ್ಡ ವಿದ್ಯೆಯೇನಲ್ಲ. ಖರ್ಚು ಮಾಡದೆ ಸುಮ್ಮನಿದ್ದರೆ ಅದು ತನ್ನ ಪಾಡಿಗೆ ತಾನು ಕೂಡುತ್ತದೆ. ಕಷ್ಟವಿರುವುದು ಕೂಡಿಟ್ಟ ಸುದ್ದಿಯನ್ನು ಮುಚ್ಚಿಡುವುದರಲ್ಲಿ. ಹಣಕ್ಕಾದರೆ ಬ್ಯಾಂಕಿದೆ, ಸುದ್ದಿಯನ್ನು ಎಲ್ಲಿಡುತ್ತೀರಿ? ನಮ್ಮ ಭಾವ ಎಡವಿದ್ದು ಇಲ್ಲೇ.

ಮೊದಲೇ ಹೇಳಿಬಿಡುತ್ತೇನೆ, ಅವನು ನನಗೇನೂ ಭಾವನಲ್ಲ. ನಾವಿಬ್ಬರೂ ಒಂದೇ ಕಟ್ಟಡದ ಬಾಡಿಗೆದಾರರು, ಅಷ್ಟೇ ಸಂಬಂಧ. ಅವನ ಹೆಂಡತಿಯ ತಮ್ಮ ಆಗಾಗ ಬಂದು ಗೇಟಿನ ಹತ್ತಿರ ನಿಂತು, "ಭಾವಾ! ಇದೀರಾ ಭಾವಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಕೇಳಿ ಕೇಳಿ ಕಟ್ಟಡಕ್ಕೆಲ್ಲ ಅವನು ಭಾವನಾದ, ಅವನ ಹೆಂಡತಿ ಅಕ್ಕನಾದಳು. ಅವನ ತಾಯಿಯ ವಯಸ್ಸಿನ ಮನೆ ಒಡತಿ ಕೂಡ, "ಏನೋ ಭಾವ, ನಲ್ಲಿ ಬಿಟ್ಟು ಹೋಗಿದೀಯಲ್ಲೋ!" ಎಂದೇ ಬೈಯುತ್ತಿದ್ದಳು. ಅವನಿಗೊಂದು ಸ್ವಂತ ಹೆಸರಿದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಭಾವ ಹಾಸಿಗೆ ಅಂಗಡಿಯೊಂದರಲ್ಲಿ ಮಾರಾಟಗಾರ. ಗಿರಾಕಿ ಬಂದರೆ ಶೂ ಬಿಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿದ ಹಾಸಿಗೆಯ ಮೇಲೆ ಮಲಗಿ, ಎಡಕ್ಕೂ ಬಲಕ್ಕೂ ಹೊರಳಿ, "ನೋಡಿ, ಪಕ್ಕದಲ್ಲಿ ಮಲಗಿದವರಿಗೆ ಗೊತ್ತೇ ಆಗಲ್ಲ" ಎಂದು ತೋರಿಸುವುದು ಅವನ ಕೆಲಸ. ಅಕ್ಕ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುತ್ತಿದ್ದಳು. ಮಹಡಿಯ ಮೇಲಿನ ಅವರ ಎರಡು ಕೋಣೆಯ ಮನೆಯಲ್ಲಿ ಎಲ್ಲವೂ ಇತ್ತು, ಅಡುಗೆಮನೆಗೆ ಕಿಟಕಿಯೊಂದು ಇರಲಿಲ್ಲ. ಈರುಳ್ಳಿ ಹುರಿದರೆ ಹೊಗೆ ಮಲಗುವ ಕೋಣೆಯನ್ನು ಹಾದು, ಬೀರುವಿನಲ್ಲಿದ್ದ ಬಟ್ಟೆಗಳನ್ನು ಮಾತಾಡಿಸಿಕೊಂಡು ಹೋಗುತ್ತಿತ್ತು. ಕ್ಲಿನಿಕ್ಕಿನಲ್ಲಿ ಹಲ್ಲುನೋವಿಗೆ ಕೆನ್ನೆ ಹಿಡಿದುಕೊಂಡು ಕೂತವರು ಅಕ್ಕ ಹತ್ತಿರ ಬಂದರೆ ಕೆನ್ನೆ ಬಿಟ್ಟು ಮೂಗು ಹಿಡಿಯುತ್ತಿದ್ದರಂತೆ. ಅವಳು ಇದನ್ನು ನಗುತ್ತಲೇ ಹೇಳುತ್ತಿದ್ದಳು, ಆದರೆ ಮನೆಗೆ ಬಂದು ಅತ್ತದ್ದೂ ಉಂಟು.

ಹಾಗಾಗಿ ಗಂಡ ಹೆಂಡತಿ ಸ್ವಂತ ಮನೆಗೆಂದು ಹೊಟ್ಟೆ ಬಟ್ಟೆ ಕಟ್ಟಿ ಕೂಡಿಡಲು ಶುರು ಮಾಡಿದರು. ಭಾವ ಬಸ್ಸು ಬಿಟ್ಟು ನಡೆದ. ಶೂಗಳಿಗೆ ಅಟ್ಟೆ ಹೊಡೆಸಿ ಹೊಡೆಸಿ ಮೂಲ ಶೂ ಯಾವ ಭಾಗದಲ್ಲಿದೆ ಎಂದು ಹುಡುಕುವಂತಾಯಿತು. ಪೇಪರನ್ನು ಪಕ್ಕದ ಮನೆಯ ಮೇಷ್ಟ್ರಿಂದ ಇಸಿದುಕೊಂಡು ಓದಿದ. ಕೊನೆಗೆ ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಏಳುತ್ತಿದ್ದ ಹೊಸ ಕಟ್ಟಡದಲ್ಲಿ ಒಂದು ಮನೆ ನೋಡಿದರು. ಅಕ್ಕ ನೇರ ಅಡುಗೆಮನೆಗೆ ಹೋಗಿ, ಕಿಟಕಿಯ ಕಟ್ಟೆಯ ಮೇಲೆ ಅಂಗೈ ಇಟ್ಟು, "ಇದೇ" ಎಂದಳು. ಮುಂಗಡ ಕೊಟ್ಟರು. ತಿಂಗಳ ಕೊನೆಯೊಳಗೆ ಡೌನ್ ಪೇಮೆಂಟ್ ಕಟ್ಟಿ, ಬ್ಯಾಂಕಿನ ಸಾಲದ ಕಾಗದ ತೋರಿಸಬೇಕು, ಇಲ್ಲವಾದರೆ ಮುಂಗಡವೂ ಹೋಯಿತು, ಕಿಟಕಿಯೂ ಹೋಯಿತು ಎಂದು ಕಟ್ಟಡದವನು ಹಲ್ಲು ಬಿಟ್ಟು ಹೇಳಿದ.

ಇದಕ್ಕೆ ಎರಡು ತಿಂಗಳು ಮುಂಚೆ ಆದದ್ದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅಕ್ಕನ ತಮ್ಮ ಬಂದಿದ್ದ. ಅವನು ವ್ಯಾಪಾರಸ್ಥ. ಮೊದಲು ಬಣ್ಣದ ಮೀನು ಸಾಕಿದ, ಮೀನು ತೇಲಿದವು. ಆಮೇಲೆ ಮೇಣದಬತ್ತಿ ಮಾಡಿದ, ಅದು ಬೇಸಿಗೆಯಲ್ಲಿ ಒಂದೇ ಮುದ್ದೆಯಾಯಿತು. ಎರಡರಲ್ಲೂ ಭಾವನ ಹಣ ಇತ್ತು.

"ಭಾವ, ಈ ಸಲ ಅಣಬೆ," ಎಂದ ಮೆಟ್ಟಿಲ ಮೇಲೆಯೇ. "ಕತ್ತಲೆ ಕೋಣೆ ಒಂದಿದ್ರೆ ಸಾಕು, ತಾನಾಗೇ ಬೆಳೆಯುತ್ತೆ. ಒಂದು ಚೂರು ಬಂಡವಾಳ. ನೀವೇನೋ ಕೂಡಿಟ್ಟಿದೀರಂತೆ?"

ಭಾವ ಎರಡೂ ಕೈ ಕೊಡವಿದ. "ಎಲ್ಲಿ ಕೂಡಿಡೋದಪ್ಪಾ! ಸಾಲ. ಕುತ್ತಿಗೆ ತನಕ ಸಾಲ."

"ಸಾಲಾನಾ? ಯಾರ ಹತ್ರ?"

ಭಾವ ಇಷ್ಟು ಮುಂದಕ್ಕೆ ಯೋಚಿಸಿರಲಿಲ್ಲ. "ಬ್ಯಾಂಕು... ಬಡ್ಡಿಯೋರು... ಯಾರ ಹತ್ರ ಅಂತ ಹೇಳ್ಲಿ! ಯಾವ ಗಳಿಗೇಲಿ ಬಂದು ಬಾಗಿಲು ಬಡೀತಾರೋ ಗೊತ್ತಿಲ್ಲ. ನೀನೇ ದೇವರ ಹಾಗೆ ಬಂದೆ. ನಿನ್ನ ಹತ್ರ ಏನಾದ್ರೂ ಇದ್ರೆ ಕೊಟ್ಟಿರು."

ಕೊನೆಯ ಮಾತು ಮುಗಿಯುವಷ್ಟರಲ್ಲಿ ಭಾಮೈದ ನಾಲ್ಕು ಮೆಟ್ಟಿಲು ಇಳಿದಾಗಿತ್ತು. ಭಾವ ತನ್ನ ಜಾಣತನಕ್ಕೆ ತಾನೇ ಬೆರಗಾಗಿ ನಿಂತ. ನಮ್ಮ ಕಟ್ಟಡದ ಮೆಟ್ಟಿಲು ಎಂಥದ್ದು ಎಂಬುದನ್ನು ಅವನು ಮರೆತಿದ್ದ. ಮೇಲೆ ಸೀನಿದರೆ ಕೆಳಗಿನವರು ಕಿಟಕಿ ಮುಚ್ಚುತ್ತಾರೆ. ಅವನು ಆಡಿದ ಒಂದೊಂದು ಮಾತೂ ಮೆಟ್ಟಿಲ ಅಡಿಯಲ್ಲಿದ್ದ ದರ್ಜಿಯ ಅಂಗಡಿಗೆ, ಕೆಳಮನೆಯ ಒಡತಿಯ ನಡುಮನೆಗೆ, ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರ ಪೇಪರಿನ ಹಿಂದಕ್ಕೆ ಸಲೀಸಾಗಿ ತಲುಪಿತು. ದರ್ಜಿಯ ಹೊಲಿಗೆ ಯಂತ್ರ ನಡುವೆಯೇ ನಿಂತಿತು. ಇಷ್ಟು ಸಾಲದೆ ಭಾಮೈದ ಇಳಿದು ಹೋಗುವಾಗ ದರ್ಜಿಯ ಸ್ಟೂಲಿನ ಮೇಲೆ ಕೂತು, ಕಣ್ಣೊರೆಸಿಕೊಂಡು, "ನಮ್ಮ ಭಾವ ಮುಳುಗಿ ಹೋದ್ರು" ಎಂದು ಷರಾ ಬರೆದು ಹೋದ.

ಮರುದಿನ ಭಾವ ಬಾಡಿಗೆ ಕೊಡಲು ಕೆಳಗಿಳಿದ. ಮನೆ ಒಡತಿ ಹಣ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡಳು.

"ಇಟ್ಕೊಳ್ಳೋ. ಮೊದ್ಲು ಆ ರಾಕ್ಷಸರ ಬಾಯಿಗೆ ಹಾಕು. ನನ್ನ ಬಾಡಿಗೆ ಎಲ್ಲಿಗೆ ಓಡಿ ಹೋಗುತ್ತೆ?"

"ಹಾಗಲ್ಲಮ್ಮ, ಏನು ವಿಷಯ ಅಂದ್ರೆ..."

"ಏನೂ ಹೇಳ್ಬೇಡ. ನನಗೆ ಎಲ್ಲಾ ಗೊತ್ತು."

ಸತ್ಯ ನಾಲಿಗೆಯ ತುದಿಯವರೆಗೂ ಬಂದಿತ್ತು ಎಂದು ಭಾವ ಈಗಲೂ ಆಣೆ ಇಟ್ಟು ಹೇಳುತ್ತಾನೆ. ನಾನು ನಂಬುತ್ತೇನೆ. ಆದರೆ ಬಾಡಿಗೆಯ ಹಣ ಬೆಚ್ಚಗೆ ಕೈಯಲ್ಲೇ ಉಳಿಯಿತು ನೋಡಿ, ಸತ್ಯ ಬಂದ ದಾರಿಗೆ ಸುಂಕವಿಲ್ಲದಂತೆ ವಾಪಸು ಹೋಯಿತು.

ಆಮೇಲೆ ಕಟ್ಟಡದ ಕರುಣೆಯ ಕಟ್ಟೆ ಒಡೆಯಿತು. ದರ್ಜಿ ಭಾವನನ್ನು ದಾರಿಯಲ್ಲೇ ಹಿಡಿದು ಸೊಂಟಕ್ಕೆ ಟೇಪು ಸುತ್ತಿ, "ಚಿಂತೇಲಿ ಸೊರಗಿ ಹೋಗಿದೀರಿ" ಎಂದು ಪ್ಯಾಂಟುಗಳನ್ನು ಒಳಕ್ಕೆ ಹಿಡಿದುಕೊಟ್ಟ, ಸವೆದ ಕಾಲರುಗಳನ್ನು ತಿರುಗಿಸಿ ಹೊಲಿದ, ಅಕ್ಕನಿಗೆ ಹೊಸ ರವಿಕೆಗಳನ್ನೂ ಹೊಲಿದ, ಕೂಲಿ ಎಂದರೆ ಕಿವಿ ಮುಚ್ಚಿಕೊಂಡ. ಭಾವ ಸೊರಗಿರಲಿಲ್ಲ. ಒಳಕ್ಕೆ ಹಿಡಿದ ಪ್ಯಾಂಟು ತೊಟ್ಟ ಮೇಲೆ ಅವನಿಗೆ ಉಸಿರಾಟ ಕಷ್ಟವಾಗಿ ಮುಖ ಬಾಡಿತು. ಅದನ್ನು ನೋಡಿ ಜನ ಇನ್ನಷ್ಟು ಮರುಗಿದರು.

ಮೇಷ್ಟ್ರು ದಿನ ಬಿಟ್ಟು ದಿನ ತರಕಾರಿಯ ಚೀಲ ತಂದು ಬಾಗಿಲಿಗೆ ನೇತುಹಾಕುತ್ತಿದ್ದರು. ಅಷ್ಟಕ್ಕೆ ಬಿಟ್ಟರೆ? ಸಂಜೆ ಭಾವನನ್ನು ಎದುರಿಗೆ ಕೂರಿಸಿಕೊಂಡು, ಆದಾಯದಲ್ಲಿ ಉಳಿತಾಯ ಮಾಡುವುದು ಹೇಗೆ ಎಂದು ಪಾಠ ಶುರು ಮಾಡಿದರು. "ನೋಡಿ, ಸಾಲ ಮಾಡಿದೋರು ಕೆಟ್ಟೋರಲ್ಲ. ಕೂಡೋದು ಕಳೆಯೋದು ಸರಿಯಾಗಿ ಕಲ್ತಿರಲ್ಲ, ಅಷ್ಟೇ. ಚಿಕ್ಕದರಿಂದ ಶುರು ಮಾಡೋಣ. ನಡೆದು ಹೋಗೋ ದೂರಕ್ಕೆ ಬಸ್ಸು ಹತ್ತಬಾರದು. ಆಗುತ್ತಾ?" ಉಳಿತಾಯದಲ್ಲಿ ಆ ಬೀದಿಗೇ ಗುರುವಾಗಬಹುದಾಗಿದ್ದ ಭಾವ, "ಪ್ರಯತ್ನ ಮಾಡ್ತೀನಿ ಸಾರ್" ಎಂದು ತಲೆ ತಗ್ಗಿಸಿದ.

ಸುದ್ದಿ ಹಾಸಿಗೆ ಅಂಗಡಿಗೂ ಹೋಯಿತು. ಅಲ್ಲಿಯ ಯಜಮಾನ ಮಾತ್ರ ಕಣ್ಣೀರು ಹಾಕದೆ ಅದನ್ನು ಕೆಲಸಕ್ಕೆ ಹಚ್ಚಿದ. ಭಾವನನ್ನು ಅತ್ಯಂತ ದುಬಾರಿ ಹಾಸಿಗೆಯ ಮೇಲೆ ಮಲಗಿಸಿ, ಗಿರಾಕಿಗಳಿಗೆ, "ಇವರ ಮುಖ ನೋಡಿ. ಮೈ ತುಂಬ ಸಾಲ. ಇವರಿಗೇ ಇದರ ಮೇಲೆ ನಿದ್ದೆ ಬರುತ್ತೆ ಅಂದ್ಮೇಲೆ ನಿಮಗೆ ಬರಲ್ವಾ?" ಎನ್ನುತ್ತಿದ್ದ. ವ್ಯಾಪಾರ ಜೋರಾಯಿತು.

ಅಕ್ಕನಿಗೆ ವಿಷಯ ಗೊತ್ತಾದದ್ದು ಮನೆ ಒಡತಿ ಅವಳ ಗಲ್ಲ ಸವರಿ, "ಧೈರ್ಯವಾಗಿರು ತಾಯಿ, ಒಡವೆ ಮಾತ್ರ ಬಿಚ್ಚಿ ಕೊಡ್ಬೇಡ" ಎಂದಾಗ. ಮೇಲೆ ಬಂದವಳು ಚೀಲ ಕೆಳಗಿಡಲಿಲ್ಲ.

"ಏನ್ರೀ ಇದು ಅಸಹ್ಯ! ಈಗಲೇ ಹೋಗಿ ಎಲ್ಲರಿಗೂ ನಿಜ ಹೇಳಿ."

"ಸ್ವಲ್ಪ ತಡ್ಕೋ. ಬ್ಯಾಂಕಿನ ಲೋನ್ ಕೈಗೆ ಬರ್ಲಿ. ಆವತ್ತೇ ಎಲ್ಲರಿಗೂ ಹೇಳಿ, ಎಲ್ಲರ ದುಡ್ಡೂ ವಾಪಸ್ ಕೊಟ್ಬಿಡ್ತೀನಿ."

"ಯಾವ ದುಡ್ಡಲ್ಲಿ? ಎಲ್ಲಾನೂ ಡೌನ್ ಪೇಮೆಂಟಿಗೆ ಸೇರಿಸಿದೀರಲ್ಲ."

ಭಾವ ಇದನ್ನೂ ಯೋಚಿಸಿರಲಿಲ್ಲ. ಅಕ್ಕ ಆ ವಾರವೆಲ್ಲ ಅವನಿಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ.

ಬ್ಯಾಂಕಿಗೆ ಅರ್ಜಿ ಹಾಕಿದರು. ಅರ್ಜಿಗೆ ಫೋಟೋ ಬೇಕಿತ್ತು. ಹೊಸದು ತೆಗೆಸಿದರೆ ದಂಡ ಎಂದು ಭಾವ ಮದುವೆಗೆ ಮುಂಚಿನ ಫೋಟೋ ಅಂಟಿಸಿದ. ಅದರಲ್ಲಿ ತಲೆ ತುಂಬ ಕೂದಲು, ಮೂಗಿನ ಕೆಳಗೆ ದಪ್ಪ ಮೀಸೆ. ಈಗ ಎರಡೂ ಇಲ್ಲ. ಕೌಂಟರಿನವರು, "ಮನೆ ಹತ್ರ ವಿಚಾರಿಸೋಕೆ ನಮ್ಮೋರು ಬರ್ತಾರೆ" ಎಂದರು. ಭಾವ, "ಬರ್ಲಿ ಬರ್ಲಿ, ಧಾರಾಳವಾಗಿ" ಎಂದು ಹೇಳಿ, ಪೇಮೆಂಟಿನ ಯೋಚನೆಯಲ್ಲಿ ಮರೆತುಬಿಟ್ಟ.

ಬ್ಯಾಂಕಿನ ಆ 'ನಮ್ಮೋರು' ಬಂದೇ ಬಂದರು. ಮಧ್ಯಾಹ್ನದ ಹೊತ್ತು, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ನಾನೂ ಇರಲಿಲ್ಲ, ಇದ್ದಿದ್ದರೆ ನಾನೂ ಒಂದು ಸುಳ್ಳು ಹೇಳುತ್ತಿದ್ದೆ. ಸಣಕಲು ಮನುಷ್ಯ, ಬಗಲಲ್ಲಿ ಚರ್ಮದ ಚೀಲ, ಪಾಲಿಷ್ ಮಾಡಿದ ಶೂ. ಮನೆ ಒಡತಿ ಗೇಟಿನ ಬಳಿ ನೀರು ಹಾಕುತ್ತಿದ್ದಳು. ಅವನು ಕಾಗದ ನೋಡಿ ಭಾವನ ಸ್ವಂತ ಹೆಸರನ್ನು ಓದಿದ.

"ಆ ಹೆಸರಿನೋರು ಯಾರೂ ಇಲ್ಲಪ್ಪ," ಎಂದಳು. ಆ ಕ್ಷಣದವರೆಗೆ ಅವಳು ಸತ್ಯವನ್ನೇ ನುಡಿಯುತ್ತಿದ್ದಳು.

ಅವನು ಫೋಟೋ ತೋರಿಸಿದ. ಅವಳು ದೂರ ಹಿಡಿದಳು, ಹತ್ತಿರ ಹಿಡಿದಳು, ಮೀಸೆಯ ಮೇಲೆ ಬೆರಳಿಟ್ಟಳು. "ಅಯ್ಯೋ, ಇದು ನಮ್ಮ ಭಾ..." ಎಂದವಳು ಅಷ್ಟಕ್ಕೇ ತಡೆದಳು. "ನೀನು ಯಾರು?"

"ಬ್ಯಾಂಕಿಂದ ಬಂದಿದೀನಿ. ಇವರ ಸಾಲದ ವಿಚಾರ."

ಸಾಲು ಸಾಲಾಗಿ ಬಾಗಿಲು ಬಡಿಯುವ ರಾಕ್ಷಸರಲ್ಲಿ ಒಬ್ಬ ಕಣ್ಣೆದುರು ನಿಂತಿದ್ದ. ಮನೆ ಒಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಅವನಾ? ಖಾಲಿ ಮಾಡ್ಕೊಂಡು ಹೋದ. ಯಾವ ಕಾಲ ಆಯ್ತು!"

"ಎಲ್ಲಿಗೆ?"

ಇದಕ್ಕೆ ಉತ್ತರ ಅಂಗಡಿಯ ಒಳಗಿನಿಂದ ಬಂತು. ದರ್ಜಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು, "ದೇಶಾನೇ ಬಿಟ್ಟು ಹೋದ್ರು ಸಾರ್. ತುಂಬಾ ದೂರ. ಹಡಗಲ್ಲಿ" ಎಂದ.

"ಹಡಗಿನಲ್ಲಾ?"

"ನಾನೇ ಕೋಟು ಹೊಲಿದುಕೊಟ್ಟೆ. ಚಳಿ ದೇಶವಂತೆ."

ಬ್ಯಾಂಕಿನವನು ತಲೆಯೆತ್ತಿ ಮಹಡಿಯತ್ತ ನೋಡಿದ. ತಂತಿಯ ಮೇಲೆ ಭಾವನ ಅಂಗಿ ಒಣಗುತ್ತಿತ್ತು. "ಅರ್ಜಿ ಕೊಟ್ಟು ಇನ್ನೂ ಒಂದು ವಾರ ಆಗಿಲ್ವಲ್ಲ?" ಎಂದು ಗೊಣಗಿ, ಸದ್ದು ಕೇಳಿ ಮೆಟ್ಟಿಲಿಳಿದು ಬಂದ ಮೇಷ್ಟ್ರನ್ನು ಕಂಡು ಕೈ ಮುಗಿದ. "ಹಿರಿಯರು ನೀವು. ನೀವಾದ್ರೂ ನಿಜ ಹೇಳಿ."

ಮೇಷ್ಟ್ರು ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ. ಸ್ವಂತ ತಂಗಿಯ ಮಗನನ್ನೇ ಒಂದು ಅಂಕಕ್ಕೆ ಫೇಲು ಮಾಡಿ, ತಂಗಿಯ ಮನೆಯ ಊಟ ಕಳೆದುಕೊಂಡವರು. ಅವರು ಕನ್ನಡಕ ತೆಗೆದು ಒರೆಸಿದರು. ಊರು ಬಿಟ್ಟವನನ್ನು ಬ್ಯಾಂಕು ಹುಡುಕುತ್ತದೆ. ದೇಶ ಬಿಟ್ಟವನನ್ನೂ ಹುಡುಕುತ್ತದೆ. ಲೆಕ್ಕ ಶೇಷವಿಲ್ಲದೆ ಮುಗಿಯಬೇಕಾದರೆ ಇರುವುದು ಒಂದೇ ದಾರಿ.

"ಆತ ತೀರಿಕೊಂಡರು," ಎಂದರು ಮೇಷ್ಟ್ರು.

ಮನೆ ಒಡತಿಯ ಕೈಯಿಂದ ಚೊಂಬು ಬಿತ್ತು.

"ಯಾವಾಗ?"

"ಅರ್ಜಿ ಕೊಟ್ಟ ಮರುದಿನ."

"ಮತ್ತೆ ಇವರು ಖಾಲಿ ಮಾಡಿದ್ರು ಅಂದ್ರು, ಅವರು ದೂರ ಹೋದ್ರು ಅಂದ್ರು..."

"ಹೋದವರ ಬಗ್ಗೆ ಇನ್ಹೇಗೆ ಹೇಳ್ತಾರೆ? ಅವರ ಬಾಯಲ್ಲಿ ಆ ಮಾತೇ ಬರ್ತಿಲ್ಲ, ಪಾಪ."

"ಹಡಗು?"

"ದುಃಖ," ಎಂದರು ಮೇಷ್ಟ್ರು ಚುಟುಕಾಗಿ. ದರ್ಜಿ ತಕ್ಷಣ ಅಳತೆಯ ಟೇಪಿನಿಂದ ಕಣ್ಣೊತ್ತಿಕೊಂಡ.

ಬ್ಯಾಂಕಿನವನ ಮುಖ ಮೆತ್ತಗಾಯಿತು. ಏನೋ ಬರೆದುಕೊಂಡು ತಿರುಗಿದ. ಮೇಷ್ಟ್ರು ಇನ್ನೊಂದು ಪ್ರಶ್ನೆ ಬರುವ ಮೊದಲೇ ಮೆಟ್ಟಿಲು ಹತ್ತಿ ಮನೆ ಸೇರಿಕೊಂಡಿದ್ದರು. ಸರಿಯಾಗಿ ಅದೇ ಹೊತ್ತಿಗೆ, ಅಂಗಡಿಯಲ್ಲಿ ಕರೆಂಟು ಹೋಗಿ ಬೇಗ ಬಿಟ್ಟಿದ್ದರಿಂದ, ದಿವಂಗತ ಭಾವ ಗೇಟು ತಳ್ಳಿಕೊಂಡು ಒಳಗೆ ಬಂದ.

"ಏಯ್! ಯಾರಯ್ಯ ನೀನು?" ಎಂದು ಮನೆ ಒಡತಿ ಕಿರುಚಿದಳು. "ಬಾಡಿಗೆ ಮನೆ ಇಲ್ಲ ಇಲ್ಲಿ! ನಡಿ, ನಡಿ!" ಜೊತೆಗೆ ಎರಡೂ ಕಣ್ಣು ಒಟ್ಟಿಗೆ ಮಿಟುಕಿಸಿದಳು. ಒಂದೇ ಕಣ್ಣು ಮಿಟುಕಿಸಲು ಅವಳಿಗೆ ಬರುತ್ತಿರಲಿಲ್ಲ.

ಭಾವನಿಗೆ ಅರ್ಥವಾದದ್ದು ಒಂದೇ. ಬಾಡಿಗೆ ಬಾಕಿಗೆ ಕೊನೆಗೂ ಅವಳ ತಾಳ್ಮೆ ಕೆಟ್ಟಿದೆ. ತಪ್ಪಿತಸ್ಥ ಮನಸ್ಸು, ಮರುಮಾತಾಡದೆ ಬಂದ ಹಾಗೇ ತಿರುಗಿ ನಡೆದ. ಬ್ಯಾಂಕಿನವನೂ ಹೊರಟಿದ್ದರಿಂದ ಇಬ್ಬರೂ ಬಸ್ ಸ್ಟಾಪಿನವರೆಗೆ ಜೊತೆಯಾದರು. ಫೋಟೋದಲ್ಲಿದ್ದ ಮೀಸೆಯ ಯುವಕನಿಗೂ ಪಕ್ಕದಲ್ಲಿದ್ದ ಬೋಳುತಲೆಗೂ ಸಂಬಂಧ ಕಲ್ಪಿಸಲು ಅವನಿಂದ ಸಾಧ್ಯವಿರಲಿಲ್ಲ.

"ನೀವು ಈ ಕಡೆಯವರಾ?" ಎಂದು ಕೇಳಿದ. "ಆ ಕಟ್ಟಡದಲ್ಲಿ ಮೇಲ್ಗಡೆ ಮನೆಯೋರು ತೀರಿಕೊಂಡ್ರಂತಲ್ಲ."

ಮೇಲ್ಗಡೆ ಇರುವವರು ಇಬ್ಬರೇ, ಭಾವ ಮತ್ತು ಮೇಷ್ಟ್ರು. ತಾನು ಹೋಗಿಲ್ಲವೆಂಬುದು ಭಾವನಿಗೆ ಖಚಿತವಿತ್ತು. "ಅಯ್ಯೋ!" ಎಂದು ತಲೆಯ ಮೇಲೆ ಕೈ ಹೊತ್ತ. "ಬೆಳಿಗ್ಗೆ ಪೇಪರ್ ಕೊಟ್ಟಿದ್ರಲ್ರೀ! ಎಂಥಾ ಮನುಷ್ಯ! ನಿನ್ನೆ ತಾನೇ ತರಕಾರಿ..."

"ನಿಮಗೆ ಪರಿಚಯವಾ? ಸಾವು ಖಾತ್ರೀನಾ?"

"ಅಲ್ಲಿರೋರೇ ಹೇಳಿದ್ಮೇಲೆ ಇನ್ನೇನ್ರೀ ಖಾತ್ರಿ!" ಎಂದು ಭಾವ ಬೀದಿಯಲ್ಲಿ ನಿಂತು ಗಳಗಳ ಅತ್ತ. ಬ್ಯಾಂಕಿನವನು ಅವನ ಬೆನ್ನು ಸವರಿ, ನಾಲ್ಕನೆಯ ಸಾಕ್ಷಿಯಾಗಿ 'ದಾರಿಹೋಕರೊಬ್ಬರು' ಎಂದು ಬರೆದುಕೊಂಡು ಬಸ್ಸು ಹತ್ತಿದ.

ಸಂಜೆ ಭಾವ ಮೂಗೊರೆಸಿಕೊಂಡು ಮೆಟ್ಟಿಲು ಹತ್ತಿ ಮೇಷ್ಟ್ರ ಮನೆಯ ಮುಂದೆ ನಿಂತ. ಬಾಗಿಲು ತೆರೆದವರು ಸ್ವತಃ ಮೇಷ್ಟ್ರು. ಭಾವ ಗೋಡೆ ಹಿಡಿದುಕೊಂಡ. ಅಷ್ಟರಲ್ಲಿ ಮನೆ ಒಡತಿ, ದರ್ಜಿ ಇಬ್ಬರೂ ಏದುಸಿರು ಬಿಡುತ್ತ ಮೇಲೆ ಬಂದರು. ಅಕ್ಕನೂ ಕ್ಲಿನಿಕ್ಕಿನಿಂದ ಬಂದಿದ್ದಳು.

"ಬ್ಯಾಂಕಿನೋನು ಬಂದಿದ್ದ ಕಣೋ ಭಾವ! ಓಡಿಸಿಬಿಟ್ವಿ!" ಎಂದಳು ಮನೆ ಒಡತಿ.

"ಇನ್ನು ಜನ್ಮದಲ್ಲಿ ಬರಲ್ಲ," ಎಂದ ದರ್ಜಿ. "ಮೇಷ್ಟ್ರು ನಿಮ್ಮನ್ನ ಸಾಯಿಸೇ ಬಿಟ್ರು!"

ಮೇಷ್ಟ್ರು ಮಾತ್ರ ಕುರ್ಚಿಯಲ್ಲಿ ಕುಸಿದು ಕೂತಿದ್ದರು. "ಎಪ್ಪತ್ತು ವರ್ಷ ಕಾಪಾಡ್ಕೊಂಡು ಬಂದಿದ್ದೆ," ಎಂದರು. "ಹೋಗ್ಲಿ ಬಿಡಿ. ನಿಮಗೆ ಉಪಕಾರ ಆಯ್ತಲ್ಲ, ಅಷ್ಟು ಸಾಕು."

"ಉಪಕಾರ ಆಯ್ತು," ಎಂದ ಭಾವ. ಅಕ್ಕ ಅವನನ್ನು ನೋಡಿದ ನೋಟವನ್ನು ನಾನು ಮೆಟ್ಟಿಲಿನಿಂದಲೇ ಕಂಡೆ, ನಾನೇ ಎರಡು ಮೆಟ್ಟಿಲು ಕೆಳಗಿಳಿದೆ.

ಬೆಳಗಾಗುತ್ತಲೇ ಭಾವ ಬ್ಯಾಂಕಿಗೆ ಓಡಿದ. ಕನ್ನಡಕದ ಮ್ಯಾನೇಜರ್ ಮೇಡಂ ಅವನ ಫೈಲು ತೆರೆದು, "ಇದು ಮುಕ್ತಾಯ ಆಗಿದೆ. ಅರ್ಜಿದಾರರು ಮೃತರು" ಎಂದರು.

"ನಾನೇ ಮೇಡಂ ಅರ್ಜಿದಾರ!"

"ನಾಲ್ಕು ಜನ ಇಲ್ಲ ಅಂತಿದಾರೆ. ಇದೀನಿ ಅಂತ ಹೇಳ್ತಿರೋದು ನೀವೊಬ್ಬರೇ. ನಾನು ಯಾರನ್ನ ನಂಬಲಿ?" ಎಂದು ಆ ಸಣಕಲು ಮನುಷ್ಯನನ್ನು ಕರೆಸಿದರು. ಅವನು ಭಾವನನ್ನು ನೋಡಿದ್ದೇ, "ಮೇಡಂ, ಇವರೇ ನಾಲ್ಕನೇ ಸಾಕ್ಷಿ! ಎಷ್ಟು ಅತ್ರು ಗೊತ್ತಾ!" ಎಂದ.

ಮ್ಯಾನೇಜರ್ ಮೇಡಂ ಕನ್ನಡಕ ತೆಗೆದಿಟ್ಟರು. "ಅಂದ್ರೆ, ನಿಮ್ಮ ಸಾವಿಗೆ ನೀವೇ ಸಾಕ್ಷಿ ಹೇಳಿದೀರಿ."

ಕೊನೆಗೆ, ಇಲ್ಲವೆಂದು ಹೇಳಿದ ಆ ಮೂವರೂ ಖುದ್ದಾಗಿ ಬಂದು, ಬದುಕಿದ್ದಾರೆ ಎಂದು ಸಹಿ ಹಾಕಿದರೆ ನೋಡೋಣ ಎಂದರು. ತಿಂಗಳ ಕೊನೆ ಎಂದರೆ ಮರುದಿನವೇ.

ಆ ಸಂಜೆ ಭಾವ ಮೆಟ್ಟಿಲ ಮೇಲೆ ನಿಂತು ನಿಜ ಹೇಳಲು ಬಾಯಿ ತೆರೆದ, ಕೆಮ್ಮು ಬಂತು. ನೀರು ಕುಡಿದ, ಮತ್ತೆ ಕೆಮ್ಮಿದ. ಅಕ್ಕ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಹೇಳಿದಳು. ಸಾಲ ಇಲ್ಲ, ಯಾವತ್ತೂ ಇರಲಿಲ್ಲ, ಇರುವುದು ಮನೆಗೆಂದು ಕೂಡಿಟ್ಟ ಹಣ, ಅದರಲ್ಲಿ ನಿಮ್ಮ ಬಾಡಿಗೆಯೂ ಇದೆ, ನಿಮ್ಮ ಹೊಲಿಗೆಯ ಕೂಲಿಯೂ ಇದೆ, ನಿಮ್ಮ ತರಕಾರಿಯೂ ಇದೆ. "ನಾಚಿಕೆ ಆಗ್ತಿದೆ," ಎಂದಳು. "ನಾಳೆ ಬ್ಯಾಂಕಿಗೆ ಬನ್ನಿ ಅಂತ ಕೇಳೋಕೆ ನನಗೆ ಮುಖ ಇಲ್ಲ. ಆದ್ರೂ ಕೇಳ್ತಿದೀನಿ."

ಮೂರು ಬಾಗಿಲುಗಳು ಒಂದರ ನಂತರ ಒಂದು ಮುಚ್ಚಿಕೊಂಡವು. ದರ್ಜಿಯ ಯಂತ್ರ ಊಟದ ಹೊತ್ತಿನವರೆಗೂ ಸಿಟ್ಟಿನಿಂದ ಓಡಿತು.

ಮರುದಿನ ನಾನು ರಜೆ ಹಾಕಿ ಬ್ಯಾಂಕಿಗೆ ಹೋದೆ. ಸಹಾಯ ಮಾಡಲು ಅಲ್ಲ, ನೋಡಲು. ಭಾವ ಮತ್ತು ಅಕ್ಕ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ಅಕ್ಕ ಬಾಗಿಲನ್ನೇ ನೋಡುತ್ತಿದ್ದಳು. ಬಾಗಿಲು ತೆರೆದಾಗಲೆಲ್ಲ ಅರ್ಧ ಎದ್ದು, ಮತ್ತೆ ಕೂರುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳು ಏಳುವುದನ್ನು ಬಿಟ್ಟಳು. ಆಗ ಮೂವರೂ ಒಟ್ಟಿಗೆ ಒಳಗೆ ಬಂದರು. ಭಾವನ ಕಡೆ ಯಾರೂ ನೋಡಲಿಲ್ಲ, ಸೀದಾ ಮ್ಯಾನೇಜರ್ ಕೋಣೆಗೆ ನುಗ್ಗಿದರು.

"ಅವತ್ತು ಯಾಕೆ ಸುಳ್ಳು ಹೇಳಿದ್ರಿ?" ಎಂದರು ಮೇಡಂ.

"ಸುಳ್ಳೇನು ಬಂತು?" ಎಂದಳು ಮನೆ ಒಡತಿ. "ಖಾಲಿ ಮಾಡ್ಕೊಂಡು ಹೋದ ಅಂದೆ. ನೀವು ಸಾಲ ಕೊಡಿ, ಹೋಗ್ತಾನೆ. ಕೊಡದಿದ್ರೆ ಇವನು ನನ್ನ ಮನೇಲೇ ಇರ್ತಾನೆ. ಎಲ್ಲಿ ಸಹಿ ಹಾಕ್ಬೇಕು, ತೋರಿಸಿ. ಹಾಂ, ಎರಡು ತಿಂಗಳ ಬಾಡಿಗೆ ಇದರಲ್ಲಿ ಸೇರಿಸಿ ಬರೀರಿ."

"ಅದನ್ನ ಹೊರಗೆ ಮಾತಾಡ್ಕೊಳ್ಳಿ."

ದರ್ಜಿ ಮುಂದೆ ಬಂದ. "ನಾನು ತುಂಬಾ ದೂರ ಹೋದ್ರು ಅಂದೆ. ಹೊಸ ಮನೆ ಬಸ್ಸಿನ ಕೊನೇ ಸ್ಟಾಪಂತೆ. ಅದೂ ನಿಜಾನೇ ಆಯ್ತು." ಆಮೇಲೆ ಮೊದಲ ಸಲ ಭಾವನತ್ತ ತಿರುಗಿದ. "ರವಿಕೆ ಕೂಲಿ ಬೇಡ. ಅದು ಅಕ್ಕನದು. ನಿಮ್ಮ ಪ್ಯಾಂಟುಗಳದ್ದು ಒಂದೂ ಬಿಡಲ್ಲ." ಸಹಿ ಹಾಕಿದ.

ಈಗ ಎಲ್ಲರ ಕಣ್ಣೂ ಮೇಷ್ಟ್ರ ಮೇಲೆ ಬಿತ್ತು. ಅವರು ಹೇಳಿದ್ದು ಏನೆಂದು ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಗಂಭೀರವಾಗಿ ನಿಂತರು.

"ನನ್ನ ಮಾತು ನಿಜ ಆಗೋಕೆ ಸ್ವಲ್ಪ ಕಾಲಾವಕಾಶ ಬೇಕು ಮೇಡಂ," ಎಂದರು. "ಆದ್ರೆ ಅಲ್ಲೀ ತನಕ ಇವರು ಇದಾರೆ ಅಂತ ಒಪ್ತೀನಿ."

ಮೇಡಂ ನಗು ತಡೆಯಲು ಫೈಲನ್ನು ಮುಖಕ್ಕೆ ಹಿಡಿದರು. ಸೀಲು ಬಿತ್ತು. ಇಪ್ಪತ್ತು ವರ್ಷದ ಸಾಲ ಮಂಜೂರಾಯಿತು, ಭಾವ ಎಲ್ಲ ಪುಟಗಳಿಗೂ ಸಹಿ ಹಾಕಿದ. ಡೌನ್ ಪೇಮೆಂಟಿನ ಹಣವೂ ಅವತ್ತೇ ಕಟ್ಟಡದವನ ಖಾತೆಗೆ ಹೋಯಿತು. ಅಕ್ಕ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಹೊರಗೆ ಬಂದು ಎಲ್ಲರೂ ಬಸ್ಸಿಗೆ ಕಾಯುತ್ತ ನಿಂತೆವು. ಮನೆ ಒಡತಿಗೆ ಸಿಟ್ಟು ಇಳಿದಿರಲಿಲ್ಲವಾದರೂ ಕುತೂಹಲ ತಡೆಯಲಾಗಲಿಲ್ಲ. "ನನ್ನ ಮನೇಲಿ ಅಂಥಾ ಕಷ್ಟ ಏನಿತ್ತೇ ನಿನಗೆ? ಇಷ್ಟೆಲ್ಲಾ ಮಾಡಿ ಬಿಟ್ಟು ಹೋಗೋವಂಥದ್ದು?" ಎಂದು ಅಕ್ಕನನ್ನು ಕೇಳಿದಳು.

"ಕಷ್ಟ ಅಂತಲ್ಲಮ್ಮ," ಎಂದಳು ಅಕ್ಕ. "ಅಡುಗೆಮನೆಗೆ ಒಂದು ಕಿಟಕಿ ಇದ್ರೆ ಅಂತ. ಅಷ್ಟೇ."

ಮನೆ ಒಡತಿ ಅವಳನ್ನೇ ನೋಡಿದಳು. "ಕಿಟಕೀನಾ? ಒಂದು ಮಾತು ಹೇಳಿದ್ರೆ ಗೋಡೆ ಒಡೆಸಿ ಇಡಿಸ್ತಿದ್ನಲ್ಲೇ. ಗಾರೆಯೋನಿಗೆ ಒಂದು ದಿನದ ಕೆಲಸ."

ಭಾವ, "ಬಾಡಿಗೆ ಜಾಸ್ತಿ ಮಾಡ್ತೀರೇನೋ ಅಂತ..." ಎಂದು ಶುರು ಮಾಡಿ, ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಅಕ್ಕ ಅಳಲೂ ಇಲ್ಲ, ನಗಲೂ ಇಲ್ಲ, ಮನೆ ಒಡತಿಯ ಕೈಯನ್ನು ಹಿಡಿದುಕೊಂಡು ನಿಂತಳು. ಬಸ್ಸು ಬಂತು. ಎಲ್ಲರ ಟಿಕೆಟ್ಟನ್ನೂ ಭಾವನೇ ತೆಗೆದ, ಯಾರೂ ಬೇಡ ಎನ್ನಲಿಲ್ಲ.